ಟಿಬೆಟ್ ಸುತ್ತಿದ ಹಕ್ಕಿ



ಚಳಿಗಾಲದಲ್ಲಿ ನಮ್ಮ ತೋಟಗಳಲ್ಲಿ, ಊರಿನ ಸಾಲುಮರಗಳಲ್ಲಿ ಎಲೆಯಿಂದ ಎಲೆಗೆ ನೆಗೆಯುತ್ತ ಹುಳು ಹೆಕ್ಕುವ ಒಂದು ಪುಟ್ಟ ಹಕ್ಕಿಯಿದೆ. ಗುಬ್ಬಿಗಿಂತ ಚಿಕ್ಕದು. ಹಸಿರು ಛಾಯೆಯ ಬೆನ್ನು, ಕಣ್ಣಿನ ಮೇಲೊಂದು ತಿಳಿಬಣ್ಣದ ಹುಬ್ಬು, ರೆಕ್ಕೆಯಲ್ಲಿ ತೆಳುವಾದ ಒಂದು ಪಟ್ಟಿ. ಹಕ್ಕಿ ನೋಡುವವರು ಇದನ್ನು ಗ್ರೀನಿಷ್ ವಾರ್ಬ್ಲರ್ ಎನ್ನುತ್ತಾರೆ. ಪ್ರಭೇದ ಎಂದರೇನು ಎಂದು ಕೇಳಿದವರನ್ನು ಇಷ್ಟು ಕಾಡಿದ ಹಕ್ಕಿಗಳು ಕೆಲವೇ.

ತಮ್ಮತಮ್ಮೊಳಗೆ ಕೂಡಿ ಮರಿಮಾಡುವ, ಬೇರೆ ಗುಂಪಿನೊಡನೆ ಬೆರೆಯದ ಜೀವಿಗಳದ್ದು ಒಂದು ಪ್ರಭೇದ. ಅರ್ನ್ಸ್ಟ್ ಮೈರ್ 1942ರಲ್ಲಿ ಮುಂದಿಟ್ಟ ಈ ವ್ಯಾಖ್ಯೆಯನ್ನೇ ನಾವು ಶಾಲೆಯಲ್ಲಿ ಓದಿದ್ದು. ಈಗ ವಾರ್ಬ್ಲರ್ ಕಡೆ ನೋಡಿ. ಮರಗಳಿಲ್ಲದ ಟಿಬೆಟ್ ಪ್ರಸ್ಥಭೂಮಿಯನ್ನು ಸುತ್ತುವರಿದ ಕಾಡುಗಳಲ್ಲಿ ಇದು ಗೂಡು ಕಟ್ಟುತ್ತದೆ. ಹಿಮಾಲಯದಿಂದ ಪಶ್ಚಿಮದ ಅಂಚು ಹಿಡಿದು ಉತ್ತರಕ್ಕೆ ಹೋದಂತೆ ಇದರ ಹಾಡು ಬೆಟ್ಟದಿಂದ ಬೆಟ್ಟಕ್ಕೆ ಸ್ವಲ್ಪಸ್ವಲ್ಪವೇ ಬದಲಾಗುತ್ತ ಉದ್ದವಾಗುತ್ತದೆ, ಜಟಿಲವಾಗುತ್ತದೆ. ಪೂರ್ವದ ಅಂಚಿನಲ್ಲೂ ಹೀಗೆಯೇ ಬದಲಾಗುತ್ತದೆ, ಆದರೆ ಬೇರೆ ರೀತಿಯಲ್ಲಿ. ಎರಡೂ ಕವಲುಗಳು ಸೈಬೀರಿಯಾದ ಕಾಡಿನಲ್ಲಿ ಎದುರಾಗುತ್ತವೆ. ಅಲ್ಲಿ ಅವು ಒಂದೇ ಕಾಡಿನಲ್ಲಿದ್ದರೂ ಬಹುಮಟ್ಟಿಗೆ ಜೋಡಿಯಾಗುವುದಿಲ್ಲ! ಪೂರ್ವದ ಹಕ್ಕಿಯ ಹಾಡನ್ನು ಧ್ವನಿಮುದ್ರಿಸಿ ಕೇಳಿಸಿದರೆ ಪಶ್ಚಿಮದ ಗಂಡು ಅದನ್ನು ಎದುರಾಳಿಯ ಕೂಗೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಪ್ರಕಟಿಸಿದರು. ಈ ಸರಪಳಿ ಹಿಂದೆ ಕೆಲವೆಡೆ ಕಡಿದುಹೋಗಿತ್ತು ಎಂದು ವಂಶವಾಹಿಗಳ ನಂತರದ ಅಧ್ಯಯನ ತೋರಿಸಿತು. ಹಾಗಾದರೆ ಇದು ಒಂದು ಹಕ್ಕಿಯೋ, ಎರಡೋ? ಕೆಲವು ಪಟ್ಟಿಗಳು ಪೂರ್ವದ್ದನ್ನು ಬೇರೆ ಪ್ರಭೇದವಾಗಿಸಿವೆ, ಕೆಲವು ಒಪ್ಪಿಲ್ಲ. ನನಗೆ ಎರಡು ಪಕ್ಷವೂ ಸರಿ ಎನಿಸುತ್ತದೆ. ಕವಲೊಡೆಯುವ ಕೆಲಸ ಇನ್ನೂ ನಡೆಯುತ್ತಲೇ ಇರುವಾಗ ನಾವು ಗೆರೆ ಎಳೆಯಲು ಹೊರಟಿದ್ದೇವೆ.

ಬ್ಯಾಕ್ಟೀರಿಯಗಳು ಕೂಡುವುದೇ ಇಲ್ಲ, ಓಕ್ ಮರಗಳು ಪ್ರಭೇದ ದಾಟಿ ಬೆರೆಯುತ್ತವೆ, ಪಳೆಯುಳಿಕೆಗಳನ್ನು ಪರೀಕ್ಷಿಸುವಂತಿಲ್ಲ. ಅಲ್ಲೆಲ್ಲ ಮೈರ್ ಅವರ ಅಳತೆಗೋಲು ಕೈಕೊಡುತ್ತದೆ.

ಪಶ್ಚಿಮ ಘಟ್ಟದ ಶೋಲಾ ಕಾಡುಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ನೀಲಿ ರಾಬಿನ್‌ಗಳು ಎತ್ತರದ ಬೆಟ್ಟಗಳಲ್ಲಷ್ಟೇ ಬದುಕುತ್ತವೆ. ಪಾಲಕ್ಕಾಡ್ ಕಣಿವೆಯ ಆಚೆಯದು ಈಚೆಯದನ್ನು ಸಂಧಿಸುವುದೇ ಇಲ್ಲ. ಭೇಟಿಯೇ ಆಗದ ಹಕ್ಕಿಗಳು ಕೂಡುತ್ತವೆಯೇ ಎಂದು ಪರೀಕ್ಷಿಸುವುದು ಹೇಗೆ? ವಿ. ವಿ. ರಾಬಿನ್ ಮತ್ತು ಸಹೋದ್ಯೋಗಿಗಳು ವಂಶವಾಹಿ, ಹಾಡು, ಮೈಯಳತೆ ಎಲ್ಲವನ್ನೂ ಹೋಲಿಸಿ 2017ರಲ್ಲಿ ಇವಕ್ಕೆ ಶೋಲಿಕೋಲ ಎಂಬ ಹೊಸ ಕುಲವನ್ನೇ ಕೊಟ್ಟರು. ದಕ್ಷಿಣ ತುದಿಯ ಅಗಸ್ತ್ಯಮಲೆ ಸೀಮೆಯ ಹಕ್ಕಿ ಹೊಸ ಪ್ರಭೇದವಾಯಿತು.

ಇದು ಪಂಡಿತರ ಹೆಸರಿನ ಜಗಳವಷ್ಟೇ ಎನ್ನುವವರಿದ್ದಾರೆ. ಅಲ್ಲ. ಅಗಸ್ತ್ಯಮಲೆಯ ಹಕ್ಕಿ ಅಳಿದರೆ, ಹಳೆಯ ಪಟ್ಟಿಯ ಪ್ರಕಾರ ಒಂದು ಪ್ರಭೇದದ ನೆಲೆ ಕುಗ್ಗಿತು, ಅಷ್ಟೆ. ಹೊಸ ಪಟ್ಟಿಯ ಪ್ರಕಾರ ಒಂದು ಪ್ರಭೇದವೇ ಭೂಮಿಯಿಂದ ಹೋಯಿತು. ಸಂರಕ್ಷಣೆಯ ಹಣ, ಗಮನ ಎರಡೂ ಆ ಪಟ್ಟಿ ನೋಡಿಯೇ ಹರಿಯುತ್ತವೆ. ಹೆಸರು ತೀರ್ಮಾನವಾಗುವವರೆಗೆ ಕಾಯದೆ, ಒಂದೊಂದು ಬೆಟ್ಟದ ಹಕ್ಕಿಯನ್ನೂ ಬೇರೆಯಾಗಿಯೇ ಎಣಿಸಿ ಕಾಯಬೇಕೆಂದು ನಾನು ಒತ್ತಾಯಿಸುತ್ತೇನೆ.