ಆಣೆಗೆ ಕಟ್ಟುಬಿದ್ದ ಮತ

(ಮಳವಳ್ಳಿಯಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಇಂದು ನನಗೆ ಕೊಟ್ಟಿರುವ ವಿಷಯ ‘ರಾಜಕೀಯ ನಿಷ್ಠೆ ಮತ್ತು ಮೌಢ್ಯ’. ವಿಷಯ ದೊಡ್ಡದು. ಎಲ್ಲವನ್ನೂ ಹೇಳಹೋದರೆ ಏನನ್ನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಅದರ ಒಂದು ಎಳೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಅದು ಆಣೆ. ಚುನಾವಣೆಯ ಹೊತ್ತಿನಲ್ಲಿ ನಮ್ಮ ಊರುಗಳಲ್ಲಿ ಹಾಕಿಸುವ ಆಣೆ.

ಇದು ಹೇಗೆ ನಡೆಯುತ್ತದೆ ಎಂಬುದು ನಿಮಗೇ ಗೊತ್ತು. ಮತದಾನಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಕತ್ತಲಾದ ಮೇಲೆ ಮನೆಗೆ ಬರುತ್ತಾರೆ. ಬಂದವರು ಹೊರಗಿನವರಲ್ಲ, ನಮ್ಮ ಬೀದಿಯವರೇ, ಎಷ್ಟೋ ಸಲ ನಮ್ಮ ನೆಂಟರೇ. ಒಂದು ಕೈಯಲ್ಲಿ ಹಣದ ಕವರು, ಇನ್ನೊಂದು ಕೈಯಲ್ಲಿ ದೇವರ ಪಟ. ‘ಅಕ್ಕಾ, ಇದನ್ನು ಮುಟ್ಟಿ ಒಂದು ಮಾತು ಹೇಳಿಬಿಡಿ, ನಮಗೂ ಧೈರ್ಯ’ ಎನ್ನುತ್ತಾರೆ. ಕೆಲವು ಕಡೆ ದೀಪ ಮುಟ್ಟಿಸುತ್ತಾರೆ, ಕೆಲವು ಕಡೆ ಕರ್ಪೂರ ಹಚ್ಚಿಸುತ್ತಾರೆ, ಕೆಲವು ಕಡೆ ಮಕ್ಕಳ ತಲೆಯ ಮೇಲೆ ಕೈ ಇಡಿಸುತ್ತಾರೆ. ಅಲ್ಲಿಗೆ ಮುಗಿಯಿತು. ಅದಾದ ಮೇಲೆ ಅಭ್ಯರ್ಥಿ ಯಾರು, ಯಾವ ಪಕ್ಷ, ಐದು ವರ್ಷ ಏನು ಮಾಡಿದ ಎಂಬ ಮಾತೇ ಇಲ್ಲ. ಆ ತಾಯಿ ಮತಗಟ್ಟೆಗೆ ಹೋಗುವಾಗ ಮನಸ್ಸಿನಲ್ಲಿ ಇರುವುದು ಒಂದೇ: ಮಾತಿಗೆ ತಪ್ಪಿದರೆ ಮಗುವಿಗೆ ಏನಾದರೂ ಆದೀತು.

ಈ ಹೆದರಿಕೆಯನ್ನು ನಾವು ನಗೆಯಾಡಬಾರದು. ಮನುಷ್ಯ ಕಾಡಿನಲ್ಲಿ ಗುಂಪುಕಟ್ಟಿಕೊಂಡು ಬದುಕುತ್ತಿದ್ದ ಕಾಲದಿಂದ ಬಂದ ಹೆದರಿಕೆ ಅದು. ಗುಂಪು ಬಿಟ್ಟವನು ಉಳಿಯುತ್ತಿರಲಿಲ್ಲ. ಗುಂಪಿನ ಮುಂದಾಳು ಕೈಬಿಟ್ಟರೆ ಕಾಯುವವರು ಇರಲಿಲ್ಲ. ರೋಗ, ಸಿಡಿಲು, ಬರ ಎಲ್ಲಕ್ಕೂ ಕಾರಣ ಕಾಣದ ಶಕ್ತಿಯ ಸಿಟ್ಟು ಎಂದು ತಿಳಿದಿದ್ದರು. ಬರವಣಿಗೆಯಿಲ್ಲದ, ಪೊಲೀಸರಿಲ್ಲದ, ಕೋರ್ಟಿಲ್ಲದ ಕಾಲದಲ್ಲಿ ಒಬ್ಬನ ಮಾತನ್ನು ಇನ್ನೊಬ್ಬ ನಂಬಲು ಇದ್ದ ಒಂದೇ ದಾರಿ ಆಣೆ. ಅಂದು ಅದಕ್ಕೊಂದು ಉಪಯೋಗವಿತ್ತು. ಇಂದು ಅದೇ ಹಳೆಯ ಭಯವನ್ನು ಕವರಿನ ಜೊತೆ ಸೇರಿಸಿ ಮನೆಬಾಗಿಲಿಗೆ ತರುತ್ತಿದ್ದಾರೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಾಯಕರ ಮೇಲೆ ಪ್ರೀತಿ ಇಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. 2018ರ ನವೆಂಬರ್ 24ರಂದು ಅಂಬರೀಶ್ ಅವರು ತೀರಿಕೊಂಡರು. ಮರುದಿನ ಅವರ ಪಾರ್ಥಿವ ಶರೀರವನ್ನು ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದರು. ಬೆಂಗಳೂರಿಗೆ ಮರಳಿ ಒಯ್ಯುವ ಮುನ್ನ ಅವರ ಪತ್ನಿ ಸುಮಲತಾ ಅವರು ಮಂಡ್ಯದ ಮಣ್ಣನ್ನು ಅವರ ಹಣೆಗೆ ಹಚ್ಚಿದರು. ನೋಡಿದವರ ಕಣ್ಣು ತುಂಬಿತು. ಅದೂ ಒಂದು ಆಚರಣೆಯೇ. ಆದರೆ ಅದು ಯಾರನ್ನೂ ಹೆದರಿಸಲಿಲ್ಲ, ಯಾರ ಕೈಯನ್ನೂ ಕಟ್ಟಲಿಲ್ಲ. ದುಃಖಕ್ಕೆ ಒಂದು ರೂಪ ಕೊಟ್ಟಿತು, ಅಷ್ಟೆ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪಟ ದೇವರ ಪಟಗಳ ಸಾಲಿನಲ್ಲೇ ಇದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದು ಹೊಟ್ಟೆ ತುಂಬಿಸಿತು, ಅದಕ್ಕೆ ಕೃತಜ್ಞತೆ. ಇದರಲ್ಲೂ ತಪ್ಪಿಲ್ಲ.

ಕೃತಜ್ಞತೆ ಎಲ್ಲಿಯವರೆಗೆ, ಅಡಿಯಾಳುತನ ಎಲ್ಲಿಂದ ಎಂಬುದನ್ನು ನಮ್ಮ ಮದ್ದೂರಿನ ಹಿರಿಯರೇ ತೋರಿಸಿಕೊಟ್ಟಿದ್ದಾರೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿತು. ಧ್ವಜ ಹಾರಿಸಬಾರದೆಂದು ಸರ್ಕಾರದ ನಿಷೇಧವಿತ್ತು. ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದರು. ಧ್ವಜ ಹಾರಿತು, ಮುಖಂಡರು ಬಂಧನಕ್ಕೆ ಒಳಗಾದರು. ಆಗ ಪಟ್ಟದಲ್ಲಿದ್ದವರು ಯಾರು? ಅದೇ ನಾಲ್ವಡಿಯವರು. ರಾಜ ಎಂದರೆ ಪ್ರತ್ಯಕ್ಷ ದೇವರು ಎಂದು ತಲೆತಲಾಂತರದಿಂದ ನಂಬಿದ್ದ ಜನ, ಅವರ ಕಾಲದ ನಾಲೆಯ ನೀರು ಕುಡಿದ ಜನ, ಅವರ ಸರ್ಕಾರದ ಆಜ್ಞೆಯನ್ನು ಮೀರಿ ನಿಂತರು. ಹಾಗೆಂದು ಮನೆಗೆ ಬಂದು ಗೋಡೆಯ ಮೇಲಿನ ಪಟವನ್ನು ಕಿತ್ತೆಸೆಯಲಿಲ್ಲ. ಉಪಕಾರಕ್ಕೆ ನಮಸ್ಕಾರ, ಆಳ್ವಿಕೆಗೆ ಪ್ರಶ್ನೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವರಿಗೆ ಸಾಧ್ಯವಾಯಿತು. ಮದ್ದೂರಿನ ಹೆದ್ದಾರಿಯ ಪಕ್ಕದಲ್ಲಿರುವ ಸತ್ಯಾಗ್ರಹ ಸೌಧವನ್ನು ದಾಟುವಾಗಲೆಲ್ಲ ಇದನ್ನು ನೆನೆಯಬೇಕು.

ಇನ್ನು ನಾಯಕರ ಕಡೆ ಬರೋಣ. ಆಣೆಯ ರಾಜಕಾರಣ ಬರೀ ಹಳ್ಳಿಯ ಜಗಲಿಯ ಮೇಲಿಲ್ಲ. 2011ರ ಜೂನ್‌ನಲ್ಲಿ ಇಡೀ ರಾಜ್ಯ ಧರ್ಮಸ್ಥಳದ ಕಡೆ ನೋಡುತ್ತಾ ಕುಳಿತಿತ್ತು. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು, ನಮ್ಮದೇ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿದವರು. ಅವರು ರಾಜಿ ಸಂಧಾನಕ್ಕೆ ಜನ ಕಳುಹಿಸಿದ್ದರು ಎಂದು ಎಚ್.ಡಿ. ಕುಮಾರಸ್ವಾಮಿಯವರು ಆರೋಪಿಸಿದರು. ಮಂಜುನಾಥನ ಸನ್ನಿಧಿಗೆ ಬಂದು ಪ್ರಮಾಣ ಮಾಡಿ ಎಂದು ಯಡಿಯೂರಪ್ಪನವರು ಸವಾಲು ಹಾಕಿದರು. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಹೋದರು, ದರ್ಶನ ಮಾಡಿದರು. ಆಣೆ ಮಾತ್ರ ಆಗಲಿಲ್ಲ. ಹಿರಿಯರು, ಮಠಾಧೀಶರು ಬೇಡವೆಂದಿದ್ದರು.

ಅದಾಗಿ ಸರಿಯಾಗಿ ಒಂದು ತಿಂಗಳಿಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂತು. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ನಾನು ಇಲ್ಲಿ ಯಾರ ಪರವನ್ನೂ ವಹಿಸುತ್ತಿಲ್ಲ. ಗಮನಿಸಬೇಕಾದ್ದು ಇಷ್ಟು: ಆರೋಪ ಬಂದದ್ದೂ ಕಾಗದಪತ್ರದಿಂದ, ಅದು ಬಿದ್ದುಹೋದದ್ದೂ ಸಾಕ್ಷಿ ವಿಚಾರಣೆಯಿಂದ. ಕರ್ಪೂರದಿಂದ ಯಾವುದೂ ತೀರ್ಮಾನವಾಗಲಿಲ್ಲ.

ಜನರಿಗೆ ಭಯ ಹಂಚುವವರು ತಾವೂ ಭಯದಲ್ಲೇ ಇರುತ್ತಾರೆ. ನಮ್ಮ ಮಳವಳ್ಳಿಯ ಆಚೆ ಹೊಳೆ ದಾಟಿದರೆ ಚಾಮರಾಜನಗರ ಜಿಲ್ಲೆ. ಆ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತನ್ನು ನಂಬಿ ಎಷ್ಟೋ ಮುಖ್ಯಮಂತ್ರಿಗಳು ಅತ್ತ ಸುಳಿಯಲಿಲ್ಲ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋದರು. 2013ರಿಂದ 2018ರವರೆಗೆ ಐದು ವರ್ಷವನ್ನೂ ಪೂರೈಸಿದರು. ಮೌಢ್ಯಕ್ಕೆ ಇದಕ್ಕಿಂತ ಸರಳವಾದ ಉತ್ತರ ಬೇಕೇ? ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನೂ ಯೋಚಿಸಿ. ಮುಖ್ಯಮಂತ್ರಿ ಬಾರದ ಊರಿನ ಬಡವರು.

ಶರಣ ಬಂಧುಗಳೇ, ಈಗ ನಮ್ಮ ಮಾತಿಗೆ ಬರೋಣ. ಲಿಂಗವಂತರಾದ ನಾವು ಈ ಆಣೆಯನ್ನು ಹೇಗೆ ನೋಡಬೇಕು? ಬಸವಣ್ಣನವರು ಇಷ್ಟಲಿಂಗವನ್ನು ಅಂಗೈಗೆ ಕೊಟ್ಟರು. ಗಂಡಸಿಗೂ ಕೊಟ್ಟರು, ಹೆಂಗಸಿಗೂ ಕೊಟ್ಟರು, ಹರಳಯ್ಯನಿಗೂ ಕೊಟ್ಟರು, ಮಧುವರಸನಿಗೂ ಕೊಟ್ಟರು. ಭಕ್ತನಿಗೂ ದೇವರಿಗೂ ನಡುವೆ ಗುಡಿಯಿಲ್ಲ, ಪೂಜಾರಿಯಿಲ್ಲ, ದಲ್ಲಾಳಿಯಿಲ್ಲ ಎಂದರು. ಹಾಗಿರುವಾಗ ಪಕ್ಷದ ಏಜೆಂಟನೊಬ್ಬ ಬಂದು ದೇವರನ್ನು ಜಾಮೀನು ಕೇಳಿದರೆ, ನಾವು ಕೊಡುವುದು ಹೇಗೆ? ಇಷ್ಟಲಿಂಗ ನಮ್ಮ ಅರಿವಿನ ಕುರುಹು. ಅರಿವನ್ನು ಅಡವಿಡಲು ಅದನ್ನೇ ಸಾಕ್ಷಿ ಮಾಡಿದರೆ ಲಿಂಗಕ್ಕೆ ಮಾಡಿದ ಅಪಚಾರ ಅದು.

ಬಸವಣ್ಣನವರೂ ಒಬ್ಬ ಅರಸನ ಕೆಳಗೆ ಕೆಲಸ ಮಾಡಿದವರು. ಬಿಜ್ಜಳನ ಭಂಡಾರವನ್ನು ನೋಡಿಕೊಂಡರು. ಒಂದು ಕಾಸೂ ಅತ್ತಿತ್ತ ಆಗದಂತೆ ಕಾಯಕ ನಡೆಸಿದರು. ಅದು ಅವರ ನಿಷ್ಠೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಅರಸನ ಸಿಟ್ಟಿಗೆ ಹೆದರಿ ಅದನ್ನು ತಪ್ಪೆನ್ನಲಿಲ್ಲ. ದುಡಿಮೆಯನ್ನು ಅರಸನಿಗೆ ಕೊಟ್ಟರು, ಅಂತಃಸಾಕ್ಷಿಯನ್ನು ಕೊಡಲಿಲ್ಲ. ರಾಜಕೀಯ ನಿಷ್ಠೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಸಿಗುವುದಿಲ್ಲ.

ನಮ್ಮ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ನೀಲಗಾರರು ಹಾಡುವ ಕಥೆ ನೀವೆಲ್ಲ ಕೇಳಿರುವಂಥದ್ದು. ಕಲ್ಯಾಣಕ್ಕೆ ಮಂಟೇಸ್ವಾಮಿ ಹೋಗುವುದು ನೋಡಿದವರು ಅಸಹ್ಯಪಡುವ ರೂಪದಲ್ಲಿ. ವೇಷ ನೋಡಿ ಭಕ್ತಿ ತೂಗುತ್ತಿದ್ದ ಜಂಗಮರಿಗೆ ಅವನ ಗುರುತು ಸಿಗುವುದಿಲ್ಲ. ಬಸವಣ್ಣನಿಗೆ ಸಿಗುತ್ತದೆ. ವಿಭೂತಿ ಹಚ್ಚಿಕೊಂಡು, ರುದ್ರಾಕ್ಷಿ ಹಾಕಿಕೊಂಡು, ‘ನಾನು ನಿಮ್ಮವನು’ ಎಂದು ಮತ ಕೇಳಲು ಬರುವವರನ್ನು ನೋಡುವಾಗ ಈ ಕಥೆ ನಮಗೆ ಬೇಕು. ಕಲ್ಯಾಣದವರೇ ವೇಷಕ್ಕೆ ಮೋಸಹೋದರು ಎಂದು ನಮ್ಮ ನೆಲದ ಹಾಡುಗಾರರು ಎಚ್ಚರಿಸಿದ್ದಾರೆ.

ಕಾನೂನೂ ನಮ್ಮ ಕಡೆಗೇ ಇದೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಓದಿ ನೋಡಿ. ಹೀಗೆ ಮತ ಹಾಕದಿದ್ದರೆ ದೇವರ ಅವಕೃಪೆಗೆ ಗುರಿಯಾಗುತ್ತೀರಿ ಎಂದು ಮತದಾರನನ್ನು ನಂಬಿಸುವುದು ಚುನಾವಣಾ ಭ್ರಷ್ಟಾಚಾರ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಹಣ ಕೊಡುವುದೂ ತಪ್ಪು, ಮತಕ್ಕಾಗಿ ಹಣ ಪಡೆಯುವುದೂ ತಪ್ಪು. ಮೌಢ್ಯ ತಡೆಯಲು ಕಾಯ್ದೆ ಬೇಕೆಂದು ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿಯವರಂಥವರು ವರ್ಷಗಟ್ಟಲೆ ಹೋರಾಡಿದರು. 2017ರಲ್ಲಿ ರಾಜ್ಯದ ಶಾಸನಸಭೆ ಅದನ್ನು ಒಪ್ಪಿತು. ಆದರೆ ರಾತ್ರಿ ಮನೆಯೊಳಗೆ ಮೆಲ್ಲಗೆ ಹಾಕಿಸುವ ಆಣೆಯನ್ನು ಯಾವ ಪೊಲೀಸಿನವರೂ ಬಂದು ಹಿಡಿಯಲಾರರು. ಅದನ್ನು ಬಿಡಿಸಬೇಕಾದ್ದು ಧರ್ಮದ ಮಾತೇ.

ಹಾಗಾದರೆ ಆಣೆ ಇಟ್ಟುಬಿಟ್ಟ ತಾಯಿಗೆ ಏನು ಹೇಳಬೇಕು? ‘ಮಾತು ಕೊಟ್ಟಮೇಲೆ ತಪ್ಪಬಾರದಲ್ಲವೇ, ಸ್ವಾಮಿ?’ ಎಂದು ಆಕೆ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ನಡೆ ನುಡಿ ಒಂದಾಗಿರಬೇಕೆಂದು ನಾವೇ ಕಲಿಸಿದ್ದೇವೆ. ನನ್ನ ಉತ್ತರ ಇದು. ಮತ ಮಾರುತ್ತೇನೆ ಎಂದು ಕೊಟ್ಟ ಮಾತು ಕಳವು ಮಾಡುತ್ತೇನೆ ಎಂದು ಕೊಟ್ಟ ಮಾತಿನಂತೆ. ಅದನ್ನು ಕೊಟ್ಟದ್ದೇ ತಪ್ಪು. ಅದನ್ನು ನಡೆಸಿಕೊಡುವುದು ಎರಡನೆಯ ತಪ್ಪು. ಎರಡನೆಯ ತಪ್ಪಿನಿಂದ ಮೊದಲನೆಯದು ತೊಳೆದುಹೋಗುವುದಿಲ್ಲ. ಹಣವನ್ನು ಹಿಂದಕ್ಕೆ ಕೊಡಲು ಆದರೆ ಕೊಡಿ. ಮುಂದಿನ ಸಲ ಕೈ ಒಡ್ಡಬೇಡಿ, ಅದು ಕಾಯಕದ ದುಡ್ಡಲ್ಲ. ಮತವನ್ನು ಮಾತ್ರ ನಿಮ್ಮ ಅರಿವಿಗೆ ಸರಿ ಕಂಡವರಿಗೆ ಹಾಕಿ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗುವಿಗೆ ಜ್ವರ ಕೊಟ್ಟು ಸೇಡು ತೀರಿಸಿಕೊಳ್ಳುವವನು ಶಿವನಲ್ಲ.

ಇನ್ನೊಂದು ಮಾತನ್ನು ಪೂಜ್ಯರ ಎದುರಿನಲ್ಲೇ ವಿನಯದಿಂದ ಹೇಳುತ್ತೇನೆ. 2021ರ ಜುಲೈ 25ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನೂರಾರು ಸ್ವಾಮಿಗಳು ಸೇರಿ ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಬಾರದು ಎಂದರು. ಮರುದಿನವೇ ಅವರು ರಾಜೀನಾಮೆ ಕೊಟ್ಟರು. ಕಾವಿಯ ಮಾತು ನಡೆಯಲಿಲ್ಲ ಎಂಬುದು ನನ್ನ ಕೊರಗಲ್ಲ. ಒಬ್ಬ ವ್ಯಕ್ತಿಯ ಕುರ್ಚಿಗೆ ಕಾವಿ ಕಾವಲು ನಿಂತದ್ದನ್ನು ನೋಡಿದ ಹಳ್ಳಿಯ ಭಕ್ತ ಏನು ಕಲಿತ? ನಮ್ಮವನು ಎಂಬುದಷ್ಟೇ ಸಾಕು ಎಂದು ಕಲಿತ. ಮಠಗಳಿಂದ ಈ ಪಾಠ ಹೋದರೆ, ದೇವರ ಪಟ ಹಿಡಿದು ಬರುವ ಏಜೆಂಟನನ್ನು ನಾವು ಯಾವ ಬಾಯಿಂದ ಬೈಯುವುದು?

ನಿರಾಶೆಗೆ ಕಾರಣವಿಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಏಳಕ್ಕೆ ಏಳು ವಿಧಾನಸಭಾ ಸ್ಥಾನಗಳನ್ನೂ ಜನ ಜನತಾದಳಕ್ಕೆ ಕೊಟ್ಟರು. ಮರುವರ್ಷ ಲೋಕಸಭೆಗೆ ಅದೇ ಪಕ್ಷದ ಅಭ್ಯರ್ಥಿ, ಮುಖ್ಯಮಂತ್ರಿಯ ಮಗ, ಪಕ್ಷೇತರರಾಗಿ ನಿಂತ ಸುಮಲತಾ ಅವರ ಎದುರು 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2023ರಲ್ಲಿ ಆ ಏಳು ಸ್ಥಾನಗಳಲ್ಲಿ ದಳಕ್ಕೆ ಉಳಿದದ್ದು ಒಂದು. 2024ರಲ್ಲಿ ಅದೇ ಪಕ್ಷದ ಕುಮಾರಸ್ವಾಮಿಯವರನ್ನು ದೊಡ್ಡ ಅಂತರದಿಂದ ಗೆಲ್ಲಿಸಿದರು. ಯಾವುದು ಸರಿ, ಯಾವುದು ತಪ್ಪು ಎಂಬ ಚರ್ಚೆ ಬೇಡ. ಮಂಡ್ಯದ ಜನ ಯಾರ ಜೀತದಾಳೂ ಅಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಅದು ನಾಯಕರಿಗೂ ಗೊತ್ತು. ಗೊತ್ತಿರುವುದರಿಂದಲೇ ಆಣೆ ಹಾಕಿಸುತ್ತಾರೆ. ನಿಮ್ಮ ಮೇಲೆ ನಂಬಿಕೆ ಇರುವವರು ಆಣೆ ಕೇಳುವುದಿಲ್ಲ.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಆ ಚುನಾವಣೆ ಯಾವಾಗ ಬಂದರೂ ಬರಲಿ, ಅದಕ್ಕೆ ಮೊದಲು ಮೂರು ಕೆಲಸ ಆಗಬೇಕೆಂದು ಈ ಗೋಷ್ಠಿಯನ್ನು ಕೇಳಿಕೊಳ್ಳುತ್ತೇನೆ. ಮೊದಲನೆಯದು, ನಮ್ಮ ಮಠಗಳ ಗದ್ದುಗೆಯ ಮುಂದೆ ಯಾವ ಅಭ್ಯರ್ಥಿಯೂ ಬೆಂಬಲಿಗರಿಂದ ಪ್ರಮಾಣ ಮಾಡಿಸದಂತೆ ಪೂಜ್ಯರು ನೋಡಿಕೊಳ್ಳಲಿ. ಎರಡನೆಯದು, ಮತದಾನದ ಹಿಂದಿನ ಸೋಮವಾರ ಪ್ರತಿ ಮಠದಲ್ಲೂ ಪೂಜ್ಯರು ಬಾಯಿಬಿಟ್ಟು ಹೇಳಲಿ: ಹಣದ ಜೊತೆ ಹಾಕಿಸಿದ ಆಣೆಗೆ ಯಾವ ಭಕ್ತನೂ ಕಟ್ಟುಬಿದ್ದಿಲ್ಲ, ಅದರಿಂದ ಯಾವ ದೋಷವೂ ಇಲ್ಲ. ಗುರುಗಳ ಬಾಯಿಂದ ಬಂದ ಆ ಒಂದು ಮಾತು ಎಷ್ಟು ಮನೆಗಳ ಎದೆಭಾರ ಇಳಿಸುತ್ತದೋ ಲೆಕ್ಕವಿಲ್ಲ. ಮೂರನೆಯದು ನಮ್ಮ ನಿಮ್ಮ ಕೆಲಸ. ಮನೆಗೆ ಪಟ ಹಿಡಿದು ಬಂದವರನ್ನು ಬೈಯಬೇಡಿ, ಅವರೂ ನಮ್ಮವರೇ. ಕೂರಿಸಿ, ನೀರು ಕೊಡಿ. ಪಟವನ್ನು ಮಾತ್ರ ಮುಟ್ಟಬೇಡಿ. ‘ನನ್ನ ದೇವರು ನನ್ನ ಅಂಗೈಯಲ್ಲಿದ್ದಾನೆ ಕಣಪ್ಪಾ, ಅವನನ್ನು ಯಾರಿಗೂ ಜಾಮೀನು ಕೊಡುವುದಿಲ್ಲ’ ಎಂದು ಹೇಳಿ ಕಳುಹಿಸಿ.