ನೆರೆಯವರ ಹೊಣೆ ಹೊರುವ ಮೊಹಲ್ಲಾ

(ಸೇವಾ ಕಾರ್ಯಕರ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸೇವಾ ಸಂಸ್ಥೆಗಳ ವಿಷಯದಲ್ಲಿ ನಮ್ಮ ಪಟ್ಟಣಗಳು ಬಡವಾಗಿಲ್ಲ. ಯುವಕ ಸಂಘವಿದೆ, ಮಹಿಳಾ ಘಟಕವಿದೆ, ಝಕಾತ್ ಸಮಿತಿಯಿದೆ. ರಮಝಾನ್ ಬಂದೊಡನೆ ಆಹಾರದ ಕಿಟ್, ಶಾಲೆ ತೆರೆಯುತ್ತಲೇ ಪುಸ್ತಕ ಮತ್ತು ಬ್ಯಾಗು, ನಡುನಡುವೆ ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ಸಾಮೂಹಿಕ ವಿವಾಹ. ಇವೆಲ್ಲವೂ ಅಗತ್ಯವಾದ ಕೆಲಸಗಳೇ. ಇದಕ್ಕಾಗಿ ಹಗಲಿರುಳು ದುಡಿಯುವವರನ್ನು ನಾವು ಮನಸಾರೆ ಅಭಿನಂದಿಸುತ್ತೇವೆ.

ಆದರೆ ಇಂದು ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಇಷ್ಟೆಲ್ಲ ಸೇವೆ ನಡೆದ ಬಳಿಕ ನಮ್ಮ ಮೊಹಲ್ಲಾಗಳಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವಣ ಸಂಬಂಧ ಗಟ್ಟಿಯಾಗಿದೆಯೇ? ಮಗ ಗಲ್ಫಿನಲ್ಲಿ, ಮಗಳು ಗಂಡನ ಮನೆಯಲ್ಲಿ, ಪಾರ್ಶ್ವವಾಯು ಬಡಿದ ತಂದೆ ಹಾಸಿಗೆಯಲ್ಲಿ, ಅವರನ್ನು ಮಗ್ಗುಲು ಬದಲಿಸಿ ಮಲಗಿಸಲು ಶಕ್ತಿಯಿಲ್ಲದ ತಾಯಿ. ಇಂತಹ ಮನೆ ನಮ್ಮ ಬೀದಿಯಲ್ಲೇ ಇದ್ದರೂ ಅದು ನಮಗೆ ತಿಳಿಯುವುದು ಮಸೀದಿಯಲ್ಲಿ ಮರಣದ ಸುದ್ದಿ ಪ್ರಕಟವಾದಾಗ! ಮಯ್ಯಿತ್ತಿನ ಹಿಂದೆ ನೂರಾರು ಜನ ನಡೆಯುತ್ತಾರೆ. ಆ ನೂರಾರು ಜನರಲ್ಲಿ ಹತ್ತು ಮಂದಿ ಅವರು ಬದುಕಿದ್ದಾಗ ವಾರಕ್ಕೊಮ್ಮೆ ಆ ಮನೆಯ ಹೊಸ್ತಿಲು ದಾಟಿದ್ದರೆ ಏನಾಗುತ್ತಿತ್ತು?

ಇದು ಬರಿಯ ಕಲ್ಪನೆಯಲ್ಲ. ನಮ್ಮ ನೆರೆಯ ರಾಜ್ಯದಲ್ಲಿ, ಕರಾವಳಿಯವರಿಗೆ ವ್ಯಾಪಾರ, ವಿದ್ಯೆ, ಚಿಕಿತ್ಸೆಗಳ ಮೂಲಕ ಚಿರಪರಿಚಿತವಾದ ಕಲ್ಲಿಕೋಟೆ ಮತ್ತು ಮಲಪ್ಪುರಂನಲ್ಲಿ, ಇದನ್ನು ಮಾಡಿ ತೋರಿಸಿದವರಿದ್ದಾರೆ. ಆ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳುವುದು ಇಂದಿನ ನಮ್ಮ ಉದ್ದೇಶ.

1993ರಲ್ಲಿ ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರು 'ಪೇನ್ ಆಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ' ಎಂಬ ಸೇವಾ ಸಂಸ್ಥೆಯನ್ನು ಕಟ್ಟಿದರು. ಪ್ಯಾಲಿಯೇಟಿವ್ ಕೇರ್ ಎಂದರೆ ಉಪಶಮನ ಆರೈಕೆ. ರೋಗ ವಾಸಿಯಾಗುವ ಹಂತವನ್ನು ದಾಟಿರಬಹುದು. ಆದರೂ ರೋಗಿಯ ನೋವನ್ನು ತಗ್ಗಿಸಬಹುದು, ಹುಣ್ಣನ್ನು ಶುಚಿಗೊಳಿಸಬಹುದು, ಮನಸ್ಸಿನ ಭಯವನ್ನು ಹಗುರಗೊಳಿಸಬಹುದು, ಮನೆಯವರಿಗೆ ಆಸರೆಯಾಗಬಹುದು. 'ಇನ್ನು ಮನೆಗೆ ಕರೆದುಕೊಂಡು ಹೋಗಿ' ಎಂದು ಆಸ್ಪತ್ರೆ ಕೈಚೆಲ್ಲಿದ ಬಳಿಕವೂ ಮಾಡಬೇಕಾದ ಕೆಲಸ ಬಹಳಷ್ಟಿದೆ ಎಂಬುದೇ ಈ ಆರೈಕೆಯ ತಿರುಳು.

ಕೆಲವೇ ವರ್ಷಗಳಲ್ಲಿ ಆ ವೈದ್ಯರಿಗೆ ಒಂದು ಸತ್ಯ ಮನದಟ್ಟಾಯಿತು. ಅತ್ಯಂತ ಕಷ್ಟದಲ್ಲಿರುವ ರೋಗಿ ಚಿಕಿತ್ಸಾಲಯದ ತನಕ ಬರಲಾರ. ಬಾಡಿಗೆ ವಾಹನಕ್ಕೆ ಹಣವಿಲ್ಲ, ಎತ್ತಿ ಕೂರಿಸಲು ಜನವಿಲ್ಲ. ಮೇಲಾಗಿ ಅವನ ಸಂಕಟದ ಬಹುಪಾಲು ಔಷಧದಿಂದ ತೀರುವಂತಹದಲ್ಲ. ದುಡಿಯುವವನು ಮಲಗಿದ ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ, ಮಗು ಶಾಲೆ ಬಿಟ್ಟಿರುತ್ತದೆ, ಹೆಂಡತಿ ತಿಂಗಳುಗಟ್ಟಲೆ ನೆಮ್ಮದಿಯ ನಿದ್ದೆ ಕಂಡಿರುವುದಿಲ್ಲ. ವೈದ್ಯರು ಇದಕ್ಕೆ ಚೀಟಿ ಬರೆದುಕೊಡಲು ಸಾಧ್ಯವೇ? ಇದಕ್ಕೆ ಬೇಕಾಗಿರುವುದು ನೆರೆಹೊರೆಯವರು.

1990ರ ದಶಕದ ಕೊನೆಯ ಹೊತ್ತಿಗೆ ಮಲಪ್ಪುರಂ ಜಿಲ್ಲೆಯಲ್ಲಿ ಆರಂಭವಾಗಿ ಹರಡಿದ 'ನೆರೆಹೊರೆಯ ಉಪಶಮನ ಆರೈಕೆ ಜಾಲ' ಈ ಅರಿವಿನಿಂದಲೇ ಹುಟ್ಟಿಕೊಂಡಿತು. ಅದರ ವಿಧಾನ ಬಹಳ ಸರಳವಾದುದು. ತನ್ನ ಪ್ರದೇಶದ ರೋಗಿಗಳಿಗಾಗಿ ವಾರಕ್ಕೆ ಕನಿಷ್ಠ 2 ಗಂಟೆ ಮೀಸಲಿಡಲು ಸಿದ್ಧನಿರುವ ಯಾರೂ ಸ್ವಯಂಸೇವಕರಾಗಬಹುದು. ಅವರಿಗೆ 16 ಗಂಟೆಗಳ ತರಗತಿ, ಆ ಬಳಿಕ ಅನುಭವಿಗಳ ಮೇಲ್ವಿಚಾರಣೆಯಲ್ಲಿ 4 ದಿನಗಳ ಪ್ರಾಯೋಗಿಕ ತರಬೇತಿ. ತರಬೇತಿ ಮುಗಿಸಿದವರು 10ರಿಂದ 15 ಮಂದಿಯ ಗುಂಪುಗಳಾಗುತ್ತಾರೆ. ತಮ್ಮ ಪ್ರದೇಶದಲ್ಲಿ ದೀರ್ಘಕಾಲದಿಂದ ಮಲಗಿರುವವರು ಯಾರು, ಅವರ ಮನೆಯ ಸ್ಥಿತಿಯೇನು ಎಂಬುದನ್ನು ಗುರುತಿಸುತ್ತಾರೆ. ನರ್ಸುಗಳು ಸ್ವಯಂಸೇವಕರ ಜೊತೆ ಮನೆಮನೆಗೆ ಹೋಗುತ್ತಾರೆ. ಅಗತ್ಯವಿದ್ದಲ್ಲಿ ವೈದ್ಯರೂ ಹೋಗುತ್ತಾರೆ. ಔಷಧ ಕೊಡುವುದು ಬಲ್ಲವರ ಕೆಲಸ. ರೋಗಿಯ ಪಕ್ಕ ಕುಳಿತು ಮಾತನಾಡುವುದು, ಮನೆಗೆ ದಿನಸಿ ತಲುಪಿಸುವುದು, ಮಕ್ಕಳ ಶಾಲೆಯ ಖರ್ಚಿಗೆ ದಾರಿ ಹುಡುಕುವುದು, ಆಸ್ಪತ್ರೆಗೆ ವಾಹನ ಗೊತ್ತುಮಾಡುವುದು ನೆರೆಯವರ ಕೆಲಸ.

ಇದಕ್ಕೆ ಹಣ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ವಿದೇಶದ ದೊಡ್ಡ ನಿಧಿಯನ್ನಾಗಲಿ ಯಾರೋ ಒಬ್ಬ ಶ್ರೀಮಂತ ದಾನಿಯನ್ನಾಗಲಿ ಅವರು ಕಾಯಲಿಲ್ಲ. 2007ರಲ್ಲಿ ಡಾ. ಸುರೇಶ್ ಕುಮಾರ್ ಪ್ರಕಟಿಸಿದ ಲೇಖನದ ಪ್ರಕಾರ ಸಂಪನ್ಮೂಲದ ಶೇಕಡಾ 90ಕ್ಕೂ ಹೆಚ್ಚು ಭಾಗ ಸ್ಥಳೀಯವಾಗಿಯೇ, ಕೆಲವೇ ರೂಪಾಯಿಗಳ ಪುಟ್ಟ ದೇಣಿಗೆಗಳಿಂದ ಸಂಗ್ರಹವಾಗುತ್ತಿತ್ತು. ಅಷ್ಟು ಹೊತ್ತಿಗೆ 60ಕ್ಕೂ ಹೆಚ್ಚು ಘಟಕಗಳು ಕೆಲಸ ಮಾಡುತ್ತಿದ್ದವು. ತರಬೇತಿ ಪಡೆದ ಸ್ವಯಂಸೇವಕರ ಸಂಖ್ಯೆ ಸಾವಿರಗಳಲ್ಲಿತ್ತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಒಬ್ಬ ಧನಿಕ ಒಂದು ಲಕ್ಷ ರೂಪಾಯಿ ಕೊಟ್ಟರೆ ಒಂದು ಫಲಕದಲ್ಲಿ ಅವನ ಹೆಸರು ಕೆತ್ತಲ್ಪಡುತ್ತದೆ, ಉಳಿದವರು ಆ ಫಲಕವನ್ನು ಓದಿ ಮುಂದೆ ಸಾಗುತ್ತಾರೆ. ಹತ್ತು ಸಾವಿರ ಜನ ತಲಾ ಹತ್ತು ರೂಪಾಯಿ ಕೊಟ್ಟರೆ ಒಟ್ಟಾಗುವ ಹಣ ಅಷ್ಟೇ. ಆದರೆ ಆ ಕೆಲಸವನ್ನು 'ನಮ್ಮದು' ಎನ್ನುವವರು ಹತ್ತು ಸಾವಿರ ಮಂದಿ ಇರುತ್ತಾರೆ. ಅವರು ಲೆಕ್ಕ ಕೇಳುತ್ತಾರೆ, ಮುಂದಿನ ತಿಂಗಳೂ ಕೊಡುತ್ತಾರೆ, ತಮ್ಮ ಓಣಿಯ ರೋಗಿಯ ಸುದ್ದಿ ತಂದು ಹೇಳುತ್ತಾರೆ.

ಇನ್ನೊಂದು ವಿಷಯವೂ ಗಮನಾರ್ಹ. ಈ ಜಾಲ ಬೇರೂರಿದ ಮಲಪ್ಪುರಂ ಮುಸ್ಲಿಮರು ಬಹುಸಂಖ್ಯಾತರಾಗಿರುವ ಜಿಲ್ಲೆ. ಕ್ಯಾನ್ಸರಿನ ನೋವಿಗೆ ಜಾತಿಯಿಲ್ಲ, ಪಾರ್ಶ್ವವಾಯುವಿಗೆ ಪಕ್ಷವಿಲ್ಲ. ಸ್ವಯಂಸೇವಕ ತಟ್ಟಬೇಕಾದ ಬಾಗಿಲನ್ನು ರೋಗಿಯ ಅಗತ್ಯ ನಿರ್ಧರಿಸುತ್ತದೆಯೇ ಹೊರತು ಅವನ ಧರ್ಮ ನಿರ್ಧರಿಸುವುದಿಲ್ಲ. ನೆರೆಯವರ ಹಕ್ಕಿನ ಕುರಿತು ಚಿಕ್ಕಂದಿನಿಂದಲೂ ಕೇಳುತ್ತಾ ಬೆಳೆದವರು ನಾವು. ಆ ಹಕ್ಕು ಬಂಧುವಾದ ನೆರೆಯವರಿಗೆ ಮಾತ್ರವಲ್ಲದೆ ಪರಕೀಯರಾದ ನೆರೆಯವರಿಗೂ ಇದೆ ಎಂಬುದನ್ನು ಈ ಸಭೆಗೆ ನೆನಪಿಸಬೇಕಾದ ಅಗತ್ಯವಿಲ್ಲ. ನೆನಪಿಸಬೇಕಾದುದು ಬೇರೆ. ಆ ಹಕ್ಕನ್ನು ಪ್ರವಚನದ ವಿಷಯವಾಗಿ ಉಳಿಸಿಕೊಂಡಷ್ಟು ದಿನಚರಿಯ ವಿಷಯವಾಗಿ ನಾವು ಉಳಿಸಿಕೊಂಡಿಲ್ಲ.

ಈ ಮಾತಿಗೆ ಇಂದಿನ ಸಾಮಾಜಿಕ ವಾತಾವರಣದಲ್ಲಿ ವಿಶೇಷ ಮಹತ್ವವಿದೆ. ರಾಜಕೀಯ ಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಅವರು 2002ರಲ್ಲಿ ಪ್ರಕಟಿಸಿದ ಹಿಂದೂ-ಮುಸ್ಲಿಮ್ ಸಂಬಂಧಗಳ ಅಧ್ಯಯನದಲ್ಲಿ ಕಲ್ಲಿಕೋಟೆಯನ್ನು ಅಲಿಘಡದೊಂದಿಗೆ ಹೋಲಿಸಿದ್ದಾರೆ. ಮುಸ್ಲಿಮ್ ಜನಸಂಖ್ಯೆಯ ಪ್ರಮಾಣದಲ್ಲಿ ಎರಡೂ ನಗರಗಳು ಹೆಚ್ಚುಕಡಿಮೆ ಸಮಾನ. ಆದರೆ ಅಲಿಘಡ ಮತ್ತೆ ಮತ್ತೆ ಗಲಭೆಗಳಲ್ಲಿ ಬೆಂದಿತು, ಕಲ್ಲಿಕೋಟೆ ಶಾಂತವಾಗಿ ಉಳಿಯಿತು. ತಮ್ಮ ಮಕ್ಕಳು ಪರಸ್ಪರ ಕೂಡಿ ಆಡುತ್ತಾರೆ ಎಂದು ಕಲ್ಲಿಕೋಟೆಯಲ್ಲಿ ಸುಮಾರು ಶೇಕಡಾ 90ರಷ್ಟು ಹಿಂದೂ ಮತ್ತು ಮುಸ್ಲಿಮ್ ಕುಟುಂಬಗಳು ಹೇಳಿದರೆ, ಅಲಿಘಡದಲ್ಲಿ ಹಾಗೆ ಹೇಳಿದವರು ಶೇಕಡಾ 42 ಮಾತ್ರ. ಅವರ ಮುಖ್ಯ ನಿಷ್ಕರ್ಷೆ ಇದಕ್ಕಿಂತಲೂ ಆಳವಾದುದು. ಬೀದಿಯಲ್ಲಿ ಎದುರಾದಾಗ ನಗುವುದು, ಹಬ್ಬಕ್ಕೆ ಸಿಹಿ ಹಂಚುವುದು ಒಳ್ಳೆಯದೇ. ಆದರೆ ವದಂತಿಯ ದೊಡ್ಡ ಅಲೆ ಬಂದಾಗ ದೊಡ್ಡ ನಗರಗಳಲ್ಲಿ ಅದಷ್ಟೇ ಸಾಲದು. ಎರಡೂ ಸಮುದಾಯದವರು ಒಂದೇ ಸಂಘದಲ್ಲಿ, ಒಂದೇ ವ್ಯಾಪಾರ ಮಂಡಳಿಯಲ್ಲಿ, ಒಂದೇ ವಾಚನಾಲಯದಲ್ಲಿ ಜೊತೆಯಾಗಿ ಕೆಲಸ ಮಾಡುತ್ತಿದ್ದರೆ ಆ ಸಂಘಟಿತ ಸಂಬಂಧ ಆಘಾತವನ್ನು ತಡೆದುಕೊಳ್ಳುತ್ತದೆ ಎಂದು ಅವರು ಹೇಳುತ್ತಾರೆ.

ಈಗ ನಮ್ಮ ಊರುಗಳ ಕಡೆ ನೋಡೋಣ. ನಮ್ಮ ಸೌಹಾರ್ದ ಕೂಟಗಳು ಬಹುತೇಕ ವೇದಿಕೆಯಲ್ಲಿ ಆರಂಭವಾಗಿ ವೇದಿಕೆಯಲ್ಲೇ ಮುಗಿಯುತ್ತವೆ. ಮೂವರು ಧರ್ಮಗುರುಗಳು ಕೈ ಹಿಡಿದುಕೊಂಡ ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಮರುವಾರ ಮೊಬೈಲಿನಲ್ಲಿ ಒಂದು ಸುಳ್ಳು ಸುದ್ದಿ ಹರಿದಾಡಿದಾಗ ಆ ಚಿತ್ರ ಯಾರ ಸಂಶಯವನ್ನೂ ನಿವಾರಿಸುವುದಿಲ್ಲ. ಆದರೆ ತನ್ನ ತಾಯಿಯ ಬೆನ್ನಿನ ಹುಣ್ಣನ್ನು ತೊಳೆಯಲು ನರ್ಸನ್ನು ಕರೆದುಕೊಂಡು ಬಂದ ಯುವಕನ ಬಗ್ಗೆ ಕೆಟ್ಟದನ್ನು ನಂಬುವ ಮೊದಲು ಒಬ್ಬ ಮನುಷ್ಯ ಎರಡು ಬಾರಿ ಯೋಚಿಸುತ್ತಾನೆ. ಕನಿಷ್ಠ ಪಕ್ಷ ಒಂದು ಫೋನ್ ಮಾಡಿ 'ಇದು ನಿಜವೇ?' ಎಂದು ಕೇಳುತ್ತಾನೆ. ಅಂತಹ ಒಂದು ಫೋನ್ ಕರೆ ಎಷ್ಟೋ ಅನಾಹುತಗಳನ್ನು ತಪ್ಪಿಸಬಲ್ಲುದು.

ಆದುದರಿಂದ ನಾವು ಹೇಳಬಯಸುವುದು ಇಷ್ಟೇ: ವಸ್ತುವನ್ನು ಹಂಚುವ ಸೇವೆ ಹಸಿವನ್ನು ತಣಿಸುತ್ತದೆ, ಹೊಣೆಯನ್ನು ಹಂಚುವ ಸೇವೆ ನೆರೆಹೊರೆಯನ್ನು ಕಟ್ಟುತ್ತದೆ. ಕಿಟ್ ಪಡೆಯುವವನು ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ. ಕೊಟ್ಟವನ ಹೆಸರನ್ನೂ ಅವನು ಅರಿಯಬೇಕಾಗಿಲ್ಲ, ಪಡೆದವನ ಮನೆಯನ್ನೂ ಇವನು ಕಾಣಬೇಕಾಗಿಲ್ಲ. ವಾರವಾರವೂ ಒಂದೇ ಮನೆಗೆ ಹೋಗುವವನ ವಿಷಯ ಹಾಗಲ್ಲ. ಆ ಮನೆಯ ಮಗು ಯಾವ ತರಗತಿಯಲ್ಲಿದೆ, ಮಾಡು ಎಲ್ಲಿ ಸೋರುತ್ತದೆ, ರೋಗಿಗೆ ಯಾವ ಮಾತು ಇಷ್ಟ ಎಂಬುದೆಲ್ಲ ಅವನಿಗೆ ತಿಳಿದಿರುತ್ತದೆ. ಅಲ್ಲಿ ಕೊಡುವವನು ಮತ್ತು ಪಡೆಯುವವನು ಎಂಬ ಅಂತರ ಕರಗಿ ಇಬ್ಬರು ನೆರೆಯವರು ಉಳಿಯುತ್ತಾರೆ.

'ಇದೆಲ್ಲ ಸರಕಾರ ಮಾಡಬೇಕಾದ ಕೆಲಸವಲ್ಲವೇ?' ಎಂದು ಕೆಲವರು ಕೇಳುತ್ತಾರೆ. ಖಂಡಿತ ಸರಕಾರದ ಕೆಲಸವೂ ಹೌದು. ಆದರೆ ಕೇರಳದಲ್ಲಿ ನಡೆದ ಕ್ರಮವನ್ನು ಗಮನಿಸಿ. ಮೊದಲು ಜನರು ಮಾಡಿ ತೋರಿಸಿದರು. ಆ ಬಳಿಕ 2008ರಲ್ಲಿ ರಾಜ್ಯ ಸರಕಾರ ಉಪಶಮನ ಆರೈಕೆಯ ನೀತಿಯನ್ನು ಘೋಷಿಸಿತು. ಭಾರತದಲ್ಲಿ ಅಂತಹ ನೀತಿ ರೂಪಿಸಿದ ಮೊದಲ ರಾಜ್ಯ ಅದು. ಸ್ಥಳೀಯಾಡಳಿತಗಳು ಮನೆ ಆರೈಕೆಯ ಹೊಣೆ ಹೊತ್ತವು. ಕೇಂದ್ರ ಸರಕಾರದ ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮ ಬಂದುದು 2012ರಲ್ಲಿ. ತಾನೇ ಒಂದು ಹೆಜ್ಜೆ ಇಟ್ಟ ಸಮಾಜ ಸರಕಾರದ ಬಳಿ ಹಕ್ಕಿನಿಂದ ಮಾತನಾಡುತ್ತದೆ. ಏನನ್ನೂ ಮಾಡದ ಸಮಾಜ ಮನವಿ ಪತ್ರ ಹಿಡಿದು ಕಾಯುತ್ತದೆ.

ಹಾಗಾದರೆ ನಾವು ಎಲ್ಲಿಂದ ಆರಂಭಿಸಬೇಕು? ಕಟ್ಟಡದಿಂದಲ್ಲ, ಉದ್ಘಾಟನೆಯಿಂದಲೂ ಅಲ್ಲ. ಮೊದಲು ಒಂದು ಪಟ್ಟಿಯಿಂದ. ಪ್ರತಿ ಓಣಿಗೆ ಇಬ್ಬರು ಪುರುಷರು, ಇಬ್ಬರು ಮಹಿಳೆಯರು ಹೊರಟು, ತಿಂಗಳುಗಳಿಂದ ಹಾಸಿಗೆ ಹಿಡಿದವರು, ಒಂಟಿಯಾಗಿರುವ ವೃದ್ಧರು, ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗುವವರು ಯಾರೆಂಬುದನ್ನು ಬರೆದುಕೊಳ್ಳಲಿ. ಆ ಪಟ್ಟಿಯಲ್ಲಿ ಓಣಿಯ ಎಲ್ಲ ಮನೆಗಳೂ ಇರಲಿ. ನಮ್ಮವರು, ಅವರವರು ಎಂಬ ಭೇದ ಮೊದಲ ಪುಟದಲ್ಲೇ ನುಸುಳದಿರಲಿ. ಆಶಾ ಕಾರ್ಯಕರ್ತೆಗೆ ಆ ಮನೆಗಳ ಪರಿಚಯ ನಮಗಿಂತ ಹೆಚ್ಚು ಇರುತ್ತದೆ, ಆಕೆಯನ್ನು ಗೌರವದಿಂದ ಜೊತೆಗೆ ಸೇರಿಸಿಕೊಳ್ಳಲಿ.

ಎರಡನೆಯದು ತರಬೇತಿ. ಒಳ್ಳೆಯ ಮನಸ್ಸು ಮಾತ್ರ ಸಾಲದು. ರೋಗಿಯನ್ನು ಎತ್ತುವ ಕ್ರಮ ತಿಳಿಯದವನು ಅವನಿಗೆ ನೋವು ಮಾಡುತ್ತಾನೆ. ಮಾತಿನ ಕ್ರಮ ತಿಳಿಯದವನು ಇನ್ನೂ ಹೆಚ್ಚು ನೋವು ಮಾಡುತ್ತಾನೆ. ಒಂದು ಮನೆಯ ಕಷ್ಟ ಇನ್ನೊಂದು ಮನೆಯ ಜಗಲಿಯಲ್ಲಿ ಚರ್ಚೆಯಾಗಬಾರದು. ಗುಟ್ಟು ಕಾಯಲಾಗದವರು ಈ ಕೆಲಸಕ್ಕೆ ಬರುವುದೇ ಬೇಡ.

ಮೂರನೆಯದು ಮಹಿಳೆಯರ ಸ್ಥಾನ. ಆರೈಕೆಯ ಭಾರವನ್ನು ಪ್ರತಿ ಮನೆಯಲ್ಲೂ ಹೊತ್ತವರು ಅವರೇ. ಯಾವ ಮನೆಯಲ್ಲಿ ಏನು ಕೊರತೆ ಎಂಬುದನ್ನು ಮೊದಲು ಅರಿಯುವವರೂ ಅವರೇ. ಆದರೂ ಸಮಿತಿ ರಚನೆಯಾಗುವಾಗ ಅವರು ಪರದೆಯ ಹಿಂದೆ ಶ್ರೋತೃಗಳಾಗಿ ಉಳಿಯುತ್ತಾರೆ. ನಿರ್ಧಾರ ಕೈಗೊಳ್ಳುವ ಜಾಗದಲ್ಲಿ ಅವರಿಲ್ಲದಿದ್ದರೆ ಈ ಕಾರ್ಯಕ್ರಮ ಆರು ತಿಂಗಳೂ ನಡೆಯಲಾರದು ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ನಾಲ್ಕನೆಯದು ಲೆಕ್ಕ. ಹತ್ತು ರೂಪಾಯಿ ಕೊಟ್ಟವನಿಗೂ ತಿಂಗಳ ಜಮಾಖರ್ಚು ಕಾಣುವಂತಿರಬೇಕು. ನಮ್ಮಲ್ಲಿ ಎಷ್ಟೋ ಒಳ್ಳೆಯ ಸಂಸ್ಥೆಗಳು ಮುರಿದುಬಿದ್ದುದು ಹಣದ ಕೊರತೆಯಿಂದಲ್ಲ, ಲೆಕ್ಕ ಕೇಳಿದವನನ್ನು ಶತ್ರುವೆಂದು ಭಾವಿಸಿದ್ದರಿಂದ. ಕೊನೆಯದಾಗಿ, ಕ್ಯಾಮರಾವನ್ನು ರೋಗಿಯ ಕೋಣೆಯ ಹೊರಗಿಡಿ. ಮಲಗಿದವನ ಅಸಹಾಯಕತೆ ನಮ್ಮ ಪ್ರಚಾರದ ಸಾಮಗ್ರಿಯಾಗುವುದು ಅವನ ಮಾನಕ್ಕೆ ಮಾಡುವ ಅನ್ಯಾಯ.

ಸಹೋದರ ಸಹೋದರಿಯರೇ, ಇದು ಸುಲಭದ ಕೆಲಸವಲ್ಲ. ಮೊದಲ ತಿಂಗಳ ಉತ್ಸಾಹ ಮೂರನೆಯ ತಿಂಗಳಲ್ಲಿ ಇಳಿಯುತ್ತದೆ. ಭೇಟಿ ನೀಡುತ್ತಿದ್ದ ರೋಗಿ ತೀರಿಕೊಂಡಾಗ ಸ್ವಯಂಸೇವಕನ ಮನಸ್ಸೂ ಕುಗ್ಗುತ್ತದೆ. ಅದಕ್ಕಾಗಿಯೇ ಮಲಪ್ಪುರಂನವರು ಒಬ್ಬಂಟಿಯಾಗಿ ಹೋಗದೆ ಗುಂಪಾಗಿ ಹೋದರು. ಒಬ್ಬನು ದಣಿದಾಗ ಇನ್ನೊಬ್ಬನು ಹೊರುತ್ತಾನೆ. ಹೀಗೆ ಹೊರುತ್ತಾ ಹೊರುತ್ತಾ ಸ್ವಯಂಸೇವಕರ ನಡುವೆಯೂ ಒಂದು ಸಂಬಂಧ ಬೆಳೆಯುತ್ತದೆ.

ವಾರಕ್ಕೆ ಎರಡು ಗಂಟೆ. ನಮ್ಮಿಂದ ಕೇಳಲಾಗುತ್ತಿರುವುದು ಅಷ್ಟೇ. ಈ ಸಭೆ ಮುಗಿದ ಬಳಿಕ ಬಾಗಿಲ ಬಳಿ ಒಂದು ಪುಸ್ತಕ ಇರಿಸಲಾಗಿದೆ. ಅದರಲ್ಲಿ ಹಣದ ಮೊತ್ತ ಬರೆಯುವ ಅಂಕಣವಿಲ್ಲ. ನಿಮ್ಮ ಹೆಸರು, ನಿಮ್ಮ ಓಣಿ, ವಾರದ ಯಾವ ದಿನ ನಿಮಗೆ ಬಿಡುವು ಎಂಬ ಮೂರು ಅಂಕಣಗಳು ಮಾತ್ರ ಇವೆ. ಅದನ್ನು ತುಂಬಿಸಿ ಹೋಗಬೇಕೆಂದು ವಿನಂತಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.