ದೇಹವೂ ಅಮಾನತ್: ಮುಪ್ಪು ಬೇರೆ, ಬಿಪಿ ಬೇರೆ

(ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಹಿರಿಯರನ್ನು ಉದ್ದೇಶಿಸಿ ಮಾಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಫಜ್ರ್ ನಮಾಝಿನ ಮೊದಲ ಸಫ್ಫಿನಲ್ಲಿ ಒಬ್ಬ ಹಿರಿಯರು ತಪ್ಪದೆ ನಿಲ್ಲುತ್ತಿದ್ದರು. ಮನೆಯ ಖರ್ಚು ಹೆಚ್ಚಿದಾಗ ಅವರು ಮೊದಲು ಬಿಟ್ಟದ್ದು ತಮ್ಮ ಬಿಪಿ ಮಾತ್ರೆಯನ್ನು. "ಆರಾಮ ಇದ್ದೀನಿ, ಮತ್ಯಾಕೆ ಗುಳಿಗೆ?" ಎನ್ನುತ್ತಿದ್ದರು. ಒಂದು ರಾತ್ರಿ ಎದೆ ಭಾರವಾಯಿತು, ಬೆವರು ಕಿತ್ತುಬಂತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದರು. ಬೆಳಗಾಗಲಿ ಎಂದು ಕಾದರು. ಆ ಬೆಳಗಿನ ಫಜ್ರ್‌ಗೆ ಅವರು ಬರಲಿಲ್ಲ. ಅಸರ್ ನಂತರ ನಾವು ಅವರ ಜನಾಝಾ ನಮಾಝಿಗೆ ನಿಂತೆವು. ಮಾತ್ರೆ ಬಿಟ್ಟ ವಿಷಯ ನಮ್ಮಲ್ಲಿ ನಾಲ್ಕಾರು ಜನರಿಗೆ ಗೊತ್ತಿತ್ತು. ಯಾರೂ ಒತ್ತಾಯ ಮಾಡಿ ಹೇಳಲಿಲ್ಲ.

ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಇದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಮಾತನ್ನು ನಮ್ಮ ಉದಾಸೀನಕ್ಕೆ ಹೊದಿಕೆ ಮಾಡಿಕೊಳ್ಳಬಾರದು. ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ಹಳ್ಳಿಗಾಡಿನ ಅರಬರು ಪ್ರವಾದಿ(ಸ)ರನ್ನು ಕೇಳಿದಾಗ, ಮಾಡಿಸಿಕೊಳ್ಳಿರೆಂದೇ ಅವರು ಹೇಳಿದರು. ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವಿಲ್ಲವೆಂದು ತಿಳಿಸಿದರು. ನಾವು ಮಾಡುವ ತಪ್ಪು ಇಲ್ಲಿಯೇ ಇದೆ. "ವಯಸ್ಸಾಯ್ತು, ಬಿಪಿ ಬರೋದೇ" ಎಂದು ಬಿಪಿಯನ್ನೂ ಮುಪ್ಪಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಮುಪ್ಪಿಗೆ ಮದ್ದಿಲ್ಲ, ನಿಜ. ಬಿಪಿಗೆ ಇದೆ.

ವಯಸ್ಸಾದಂತೆ ರಕ್ತನಾಳಗಳು ತಮ್ಮ ಮೃದುತ್ವ ಕಳೆದುಕೊಂಡು ಬಿರುಸಾಗುತ್ತವೆ. ಬಿರುಸಾದ ನಾಳದಲ್ಲಿ ರಕ್ತ ಹರಿಸಲು ಹೃದಯ ಹೆಚ್ಚು ಒತ್ತಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಹೃದಯದ ಗೋಡೆ ದಪ್ಪವಾಗುತ್ತದೆ, ನಾಳದ ಒಳಗೆ ಕೊಬ್ಬು ಕಟ್ಟಿಕೊಳ್ಳುತ್ತದೆ. ಒಂದು ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ, ಮೆದುಳಿನಲ್ಲಾದರೆ ಪಾರ್ಶ್ವವಾಯು. ಇಷ್ಟೆಲ್ಲ ಆಗುವವರೆಗೂ ಹೆಚ್ಚಿನವರಿಗೆ ತಲೆನೋವೂ ಬಂದಿರುವುದಿಲ್ಲ. ಆದ್ದರಿಂದ "ಆರಾಮ ಇದ್ದೀನಿ" ಎಂಬುದು ಬಿಪಿ ಇಲ್ಲ ಎನ್ನಲು ಸಾಕ್ಷಿಯಲ್ಲ. ಸಾಕ್ಷಿ ಹೇಳುವುದು ಯಂತ್ರ ಮಾತ್ರ.

ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು. ಅರ್ಧ ಗಂಟೆ ಮೊದಲಿಂದ ಚಹಾ, ಬೀಡಿ ಬೇಡ. ತೋಳು ಹೃದಯದ ಮಟ್ಟದಲ್ಲಿರಲಿ. ಸಂಖ್ಯೆಯನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದಿಡಿ. ವೈದ್ಯರಿಗೆ ನಮ್ಮ ಮಾತಿಗಿಂತ ಆ ಚೀಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾತ್ರೆ ಬಿಪಿಯನ್ನು ಹಿಡಿದಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಬಿಪಿ ಸರಿ ಬಂದಿದೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ನಿಲ್ಲಿಸಬಹುದು ಎಂದಲ್ಲ. ದುಡ್ಡಿನ ತೊಂದರೆಯಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಮಾತ್ರೆಯಿಂದ ತಲೆಸುತ್ತು, ಕಾಲುಬಾವು ಕಂಡರೆ ತಾವೇ ಬಿಡದೆ ವೈದ್ಯರಿಗೆ ಹೇಳಿ. ಮದ್ದು ಬದಲಿಸಲು ಬರುತ್ತದೆ. ತಹಜ್ಜುದ್‌ಗೆ, ಫಜ್ರ್‌ಗೆ ಏಳುವ ಹಿರಿಯರು ಒಮ್ಮೆಲೇ ಎದ್ದು ವುಝೂಗೆ ಹೋಗಬಾರದು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ನಂತರ ನಿಲ್ಲಿ. ನಮ್ಮ ಭಾಗದ ಬೇಸಿಗೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಇನ್ನು ನಮ್ಮ ದಸ್ತರಖಾನ್. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಸಣ್ಣ ಚಮಚದಷ್ಟು, ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ, ಊಟದ ಮೇಲೆ ಮತ್ತೆ ಉದುರಿಸುವ ಉಪ್ಪು, ಎಲ್ಲ ಇದೇ ಚಮಚದೊಳಗೆ ಬರಬೇಕು. ದಾವತ್ತುಗಳಲ್ಲಿ ಹಿರಿಯರ ತಟ್ಟೆಗೆ ಬೇಡವೆಂದರೂ ಮಾಂಸ, ಎಣ್ಣೆ ಸುರಿಯುವುದು ಮರ್ಯಾದೆಯಲ್ಲ. ಹೊಟ್ಟೆಯ ಮೂರನೆಯ ಒಂದು ಭಾಗ ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ಗೊತ್ತು. ಬೀಡಿ, ಗುಟ್ಕಾ ಪೂರ್ತಿ ಬಿಡಬೇಕು. ಮಸೀದಿಗೆ ನಡೆದು ಬರುವ ಶಕ್ತಿಯಿರುವವರು ಮೊಮ್ಮಗನ ಬೈಕಿಗೆ ಕಾಯಬಾರದು. ರಮಝಾನ್ ಬರುವ ಮೊದಲೇ ಮಾತ್ರೆಯ ಹೊತ್ತನ್ನು ವೈದ್ಯರೊಂದಿಗೆ ಗೊತ್ತು ಮಾಡಿಕೊಳ್ಳಿ. ಅನಾರೋಗ್ಯವಿದ್ದವರಿಗೆ ಕುರ್‌ಆನ್ ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದರಲ್ಲಿ ನಾಚಿಕೆಯಿಲ್ಲ.

ಎದೆಯಲ್ಲಿ ಬಿಗಿತ, ಎಡಗೈಗೆ, ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಉಬ್ಬಸ: ಇವು ಹೃದಯಾಘಾತದ ಲಕ್ಷಣಗಳು. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರುಗಟ್ಟುವಿಕೆ ಇರಬಹುದು. ಅಮ್ಮಿ, ದಾದಿ "ಏನಿಲ್ಲ ಬೇಟಾ, ಮಲಗಿದರೆ ಸರಿಯಾಗುತ್ತೆ" ಎಂದರೂ ಕೇಳಬೇಡಿ. 108ಕ್ಕೆ ಕರೆ ಮಾಡಿ. ನಡೆಸಬೇಡಿ, ಬೈಕ್ ಮೇಲೆ ಕೂರಿಸಬೇಡಿ.

ನಮ್ಮ ಊರುಗಳಿಂದ ರಾಯಚೂರು, ಕಲಬುರಗಿ ದೂರ. ಈ ದೂರದ ಕಾರಣಕ್ಕೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿತು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಕೊಂಡ ಆ ನಟನ ಹೆಸರು ಅದಕ್ಕಿದೆ. ಯೋಜನೆಯಡಿ ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಟ್ಟು, ಆಮೇಲೆ ಮುಂದೆ ಕಳಿಸುತ್ತಾರೆ. ಹೊರಗೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ. ಆದರೆ ಹೊತ್ತು ಮೀರಿದಷ್ಟೂ ಇದರ ಫಲ ಕಡಿಮೆ. ಬೆಳಗಾಗಲಿ ಎಂದು ಕಾದ ಮನೆಗೆ ಇದು ಸಿಗದು. ಈ ಸೌಲಭ್ಯ ನಮಗೆ ಹತ್ತಿರ ಯಾವ ಆಸ್ಪತ್ರೆಯಲ್ಲಿದೆ ಎಂದು ಈ ವಾರವೇ ಹೋಗಿ ಕೇಳಿ, ಮನೆಯ ಗೋಡೆಯ ಮೇಲೆ ಬರೆದಿಡಿ.

ಪ್ರತಿ ಜಮಾಅತ್ ಒಂದು ಬಿಪಿ ಯಂತ್ರ ಕೊಳ್ಳಲಿ. ಅಳೆಯಲು ಕಲಿತ ಇಬ್ಬರು ಯುವಕರು ಜುಮಾ ನಂತರ ಅರ್ಧ ಗಂಟೆ ಕೂರಲಿ. ಮನೆಯಲ್ಲಿರುವ ತಾಯಂದಿರ ಬಿಪಿ ನೋಡಲು ಹೆಣ್ಣುಮಕ್ಕಳು ಕಲಿಯಲಿ. ಮಾತ್ರೆಗೆ ದುಡ್ಡಿಲ್ಲದವರ ಖರ್ಚನ್ನು ಹೆಸರು ಹೊರಗೆ ಬಾರದಂತೆ ಜಮಾಅತ್ ವಹಿಸಿಕೊಳ್ಳಲಿ. ಮಕ್ಕಳೇ, ಇಂದು ಮನೆಗೆ ಹೋಗಿ ಅಬ್ಬಾರನ್ನು ಒಂದು ಮಾತು ಕೇಳಿ: "ಇವತ್ತಿನ ಗುಳಿಗೆ ತಗೊಂಡ್ರಾ?" ಆ ಹಿರಿಯರಿಗೆ ನಾವು ಕೇಳದೆ ಉಳಿದದ್ದು ಈ ಮಾತನ್ನೇ.

ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯದ ಆಯುಷ್ಯ ನೀಡಲಿ, ಅಗಲಿದವರನ್ನು ಕ್ಷಮಿಸಲಿ, ಈ ಅಮಾನತ್ತನ್ನು ಕಾಪಾಡುವ ಬುದ್ಧಿಯನ್ನು ನಮಗೆ ಕೊಡಲಿ. ಆಮೀನ್.